ಟ್ರ್ಯಾಕ್‌ನಿಂದ ಹೊರಡುವ ಮುನ್ನ ಗಾಳಿ ತುಂಬಿಸಿ

ಮಾನ್ಯ ಸಂಪಾದಕರೇ,

ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಬೆಂಗಳೂರಿನಿಂದ ತಮ್ಮ ಕಾರನ್ನೇ ಓಡಿಸಿಕೊಂಡು ಹೋಗಿ, ಅದೇ ಟೈರುಗಳಲ್ಲಿ ಹೆದ್ದಾರಿ ಹಿಡಿದು ವಾಪಸಾಗುವವರಿದ್ದಾರೆ. ‘ಟ್ರ್ಯಾಕ್‌ನಲ್ಲಿ ಗಾಳಿ ಕಡಿಮೆ ಇರಬೇಕು’ ಎಂಬ ಅರ್ಧ ಮಾತನ್ನಷ್ಟೇ ನಂಬಿ ಹೋದರೆ ಅಪಾಯ.

ಟ್ರ್ಯಾಕ್‌ನಲ್ಲಿ ಲೆಕ್ಕಕ್ಕೆ ಬರುವುದು ಟೈರು ಕಾದಾಗಿನ ಒತ್ತಡ. ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುತ್ತದೆ. ತಣ್ಣಗಿದ್ದಾಗ 33 ಇದ್ದದ್ದು ಕೆಲವೇ ಸುತ್ತುಗಳಲ್ಲಿ 40ರ ಹತ್ತಿರ ಹೋಗಬಹುದು. ಆಗ ಟೈರಿನ ನಡುಭಾಗವೇ ಹೆಚ್ಚು ಭಾರ ಹೊತ್ತು ಹಿಡಿತ ತಪ್ಪುತ್ತದೆ. ಸ್ವಿಫ್ಟ್‌ನಂಥ ಕಾರಿನ ಮಾಮೂಲಿ ಟೈರಿಗೆ ಬಿಸಿಯಲ್ಲಿ 35–36 ಇಟ್ಟು ಶುರು ಮಾಡಬಹುದು. ಪಿಟ್‌ಗೆ (ಟ್ರ್ಯಾಕ್ ಪಕ್ಕದ ನಿಲುಗಡೆಗೆ) ಬಂದ ಕೂಡಲೇ ಅಳೆದು ಇಳಿಸಬೇಕು. ಹತ್ತು ನಿಮಿಷ ಬಿಟ್ಟು ನೋಡಿದ ಅಳತೆ ಕೆಲಸಕ್ಕೆ ಬಾರದು. ದಿನಪೂರ್ತಿ ಒಂದೇ ಗೇಜ್ ಬಳಸಿ. ಟೈರಿನ ಅಂಚಿನಲ್ಲಿರುವ ಸಣ್ಣ ತ್ರಿಕೋನ ಗುರುತಿನ ಮೇಲೆ ಸೀಮೆಸುಣ್ಣ ಬಳಿದಿದ್ದರೆ, ಅದು ಎಲ್ಲಿಯವರೆಗೆ ಅಳಿಸಿದೆ ಎಂಬುದರಿಂದ ತಿರುವಿನಲ್ಲಿ ಟೈರು ಪಕ್ಕೆಯ ಕಡೆಗೆ ಎಷ್ಟು ಮಗುಚುತ್ತಿದೆ ಎಂದು ತಿಳಿಯುತ್ತದೆ.

ಗಾಳಿ ಸರಿಯಿದ್ದೂ ಮುಂದಿನ ಟೈರಿನ ಹೊರ ಅಂಚೇ ಸವೆಯುತ್ತಿದ್ದರೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವ ಕೋನ) ಸಾಲದು. ಕಂಪನಿಯಿಂದ ಬರುವಾಗ ಇಂಥ ಕಾರುಗಳಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಸಸ್ಪೆನ್ಷನ್‌ನ ಕಂಬವಾದ ಸ್ಟ್ರಟ್ಟನ್ನು ಚಕ್ರ ಹಿಡಿದಿರುವ ನಕಲ್‌ಗೆ ಬಿಗಿಯುವ ಎರಡು ಬೋಲ್ಟ್‌ಗಳಲ್ಲಿ ಒಂದರ ಬದಲು ಕ್ಯಾಂಬರ್ ಬೋಲ್ಟ್ ಹಾಕಿದರೆ, ಚಕ್ರದ ತಲೆ ಒಂದರಿಂದ ಒಂದೂವರೆ ಡಿಗ್ರಿ ಒಳಕ್ಕೆ ವಾಲುತ್ತದೆ. ಈ ಬೋಲ್ಟ್ ಮೂಲದ್ದಕ್ಕಿಂತ ತೆಳು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿದರೆ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದಾಗ ಜಾರುತ್ತದೆ. ಕ್ಯಾಂಬರ್ ಬದಲಾದರೆ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೂಡ ಬದಲಾಗುತ್ತದೆ, ಹಾಗಾಗಿ ಟೋ ಯಾವಾಗಲೂ ಕೊನೆಗೆ. ರಸ್ತೆಯಲ್ಲೂ ಓಡುವ ಕಾರಿಗೆ ಟೋ ಸೊನ್ನೆ ಸಾಕು. ಟೋ-ಔಟ್ (ಮೂತಿ ಹೊರಕ್ಕೆ) ಹೆಚ್ಚಿಸಿದರೆ ಕಾರು ತಿರುವಿಗೆ ಬೇಗ ಬಾಗಿದರೂ ಹೆದ್ದಾರಿಯಲ್ಲಿ ಅತ್ತಿತ್ತ ಎಳೆಯುತ್ತದೆ, ಒಳ ಅಂಚು ತಿನ್ನುತ್ತದೆ. ಅಲೈನ್‌ಮೆಂಟ್ ಅಂಗಡಿಯವರು ಪರದೆಯಲ್ಲಿ ಹಸಿರು ಬಣ್ಣ ಕಂಡರೆ ಮುಗಿಯಿತು ಎನ್ನುತ್ತಾರೆ. ಮುದ್ರಿತ ಅಳತೆ ಕೇಳಿ ಪಡೆಯಿರಿ.

ಬಿಸಿಯಲ್ಲಿ ಇಳಿಸಿದ ಟೈರು ಆರಿದಾಗ 28–29ಕ್ಕೆ ಕುಸಿಯುತ್ತದೆ. ನಾಲ್ಕು ಜನ, ಲಗೇಜು ತುಂಬಿಕೊಂಡು ಹೆದ್ದಾರಿ ವೇಗದಲ್ಲಿ ಹೊರಟರೆ ಪಕ್ಕೆ ಮಡಚಿ ಮಡಚಿ ಕಾದು ಸಿಡಿಯಬಹುದು. ಅದೂ ಅಂಚುಗಳು ಆಗಲೇ ಸವೆದಿರುವ ಟೈರು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಹೇಳಿರುವಷ್ಟು ಗಾಳಿಯನ್ನು, ಟೈರು ಪೂರಾ ಆರಿದ ಮೇಲೆ ತುಂಬಿಸಿಯೇ ಹೊರಡಬೇಕು. ಟ್ರ್ಯಾಕ್ ಡೇ (ಸ್ವಂತ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಸಂಘಟಕರು ಹೊರಹೋಗುವ ಗೇಟಿನಲ್ಲೇ ಕಂಪ್ರೆಸರ್ ಇಟ್ಟು, ಪ್ರತಿ ಕಾರಿನ ಗಾಳಿ ನೋಡಿ ಬಿಡುವ ನಿಯಮ ತರಲಿ.

– ಅಲೈನ್‌ಮೆಂಟ್ ಮೆಕ್ಯಾನಿಕ್, ಬೆಂಗಳೂರು