ಕಾಗುಣಿತ ತಪ್ಪಿದ ಮಾತ್ರಕ್ಕೆ ಕಥೆ ತಪ್ಪಿಹೋಗಬಾರದು

ಮಾನ್ಯ ಸಂಪಾದಕರೇ,

ಓದುವಾಗ ತಡವರಿಸುವ ಮಗುವಿಗೆ ಬರವಣಿಗೆ ಒಲಿಯುವುದಿಲ್ಲ ಎಂಬ ನಂಬಿಕೆ ಪೋಷಕರಲ್ಲಿಯೂ ಶಿಕ್ಷಕರಲ್ಲಿಯೂ ಆಳವಾಗಿ ಬೇರೂರಿದೆ. ಬಾಲ್ಯದಲ್ಲಿ ಓದಲು ಬಹಳ ಕಷ್ಟಪಟ್ಟು, ಈಗ ಕಥೆಗಳನ್ನು ಬರೆಯುತ್ತಿರುವ ನನಗೆ ಈ ನಂಬಿಕೆಯಿಂದ ಎಷ್ಟು ಮಕ್ಕಳು ಬರೆಯುವ ಆಸೆಯನ್ನೇ ಕೈಬಿಡುತ್ತಾರೋ ಎಂಬ ಸಂಕಟವಿದೆ.

ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಇರುವ ಮಗುವಿಗೆ ಬುದ್ಧಿಯ ಕೊರತೆಯಿರುವುದಿಲ್ಲ. ಕಂಡ ಅಕ್ಷರವನ್ನು ಅದರ ಧ್ವನಿಯೊಂದಿಗೆ ಥಟ್ಟನೆ ಹೊಂದಿಸಿಕೊಳ್ಳುವಲ್ಲಿ ಅದಕ್ಕೆ ತೊಡಕಾಗುತ್ತದೆ. ‘ಪ’ ಯಾವುದು, ‘ಷ’ ಯಾವುದು ಎಂದು ಬಿಡಿಸಿಕೊಂಡು, ಒತ್ತಕ್ಷರಗಳನ್ನು ಗುರುತಿಸಿ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭವೇ ಮರೆತುಹೋಗಿರುತ್ತದೆ. ಅದೇ ಪಾಠವನ್ನು ಬೇರೆಯವರು ಓದಿ ಹೇಳಿದರೆ ಆ ಮಗು ಚೆನ್ನಾಗಿಯೇ ಉತ್ತರಿಸುತ್ತದೆ. ಇದು ಹೊಸ ತಿಳಿವಳಿಕೆಯೂ ಅಲ್ಲ. 1896ರಲ್ಲಿಯೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಓದಲು ಬಾರದ 14 ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಾಗ, ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದಿದ್ದರೆ ಆತನೇ ಶಾಲೆಗೆಲ್ಲ ಜಾಣನಾಗಿರುತ್ತಿದ್ದನೆಂಬ ಆತನ ಶಿಕ್ಷಕರ ಅಭಿಪ್ರಾಯವನ್ನೂ ದಾಖಲಿಸಿದ್ದರು.

2008ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಅಮೆರಿಕದ ಕವಿ ಫಿಲಿಪ್ ಶುಲ್ಟ್ಸ್ ಅವರು ಓದಲು ಕಲಿತದ್ದು 11ನೇ ವಯಸ್ಸಿನಲ್ಲಿ. ತಮಗಿದ್ದದ್ದು ಡಿಸ್ಲೆಕ್ಸಿಯಾ ಎಂಬುದು ಅವರಿಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ತಮ್ಮ ಮಗನಿಗೆ ಅದೇ ತೊಂದರೆ ಇದೆಯೆಂದು ಪತ್ತೆಯಾದಾಗ. ಕಾದಂಬರಿಕಾರ ಜಾನ್ ಇರ್ವಿಂಗ್ ಅವರಂತೂ, ನಿಧಾನವಾಗಿ ಮುಂದುವರಿಯುತ್ತಾ ಬರೆದದ್ದನ್ನು ಮತ್ತೆ ಮತ್ತೆ ತಿದ್ದುವ ತಮ್ಮ ಅಭ್ಯಾಸಕ್ಕೆ ಈ ತೊಂದರೆಯೇ ನೆರವಾಯಿತೆಂದು ಹೇಳಿಕೊಂಡಿದ್ದಾರೆ. ಅವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ವಾಕ್ಯ ಬರೆದ ಮೇಲೆ ಅದನ್ನು ಗಟ್ಟಿಯಾಗಿ ಓದಿ ಕೇಳಿಸಿಕೊಳ್ಳದೆ ನಾನು ಇಂದಿಗೂ ಮುಂದಿನದಕ್ಕೆ ಹೋಗಲಾರೆ; ಕಣ್ಣು ತಪ್ಪಿಸಿದ ಎಷ್ಟೋ ದೋಷಗಳನ್ನು ಕಿವಿ ಹಿಡಿದುಕೊಡುತ್ತದೆ. ಹಾಗೆಂದು ಈ ತೊಂದರೆಯನ್ನು ವರವೆಂದು ಕೊಂಡಾಡುವುದನ್ನು ನಾನು ಒಪ್ಪುವುದಿಲ್ಲ. ಸಕಾಲದಲ್ಲಿ ಗುರುತಿಸಿ, ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಹಂತಹಂತವಾಗಿ ಕಲಿಸುವವರು ಸಿಗದಿದ್ದರೆ ಅದು ಮಗುವಿನ ಆತ್ಮವಿಶ್ವಾಸವನ್ನೇ ಕುಗ್ಗಿಸಿಬಿಡುತ್ತದೆ.

ಓದಲು ಕಲಿಸುವ ಪ್ರಯತ್ನ ಒಂದು ಕಡೆ ನಡೆಯಲಿ, ಆದರೆ ಅದು ಮುಗಿಯುವವರೆಗೆ ಕಥೆ ಕಟ್ಟುವ ಕೆಲಸ ಕಾಯಬೇಕಾಗಿಲ್ಲ. ಮಗು ಬಾಯಲ್ಲಿ ಹೇಳಿದ್ದನ್ನು ದೊಡ್ಡವರು ಒಂದಕ್ಷರವೂ ಬದಲಿಸದೆ ಬರೆದುಕೊಳ್ಳಬಹುದು, ಇಲ್ಲವೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಪ್ರಬಂಧವನ್ನು ತಿದ್ದುವಾಗ ಶಿಕ್ಷಕರು ಕಲ್ಪನೆಗೆ ಬೇರೆ, ಕಾಗುಣಿತಕ್ಕೆ ಬೇರೆ ಅಂಕ ಕೊಟ್ಟರೆ, ಪುಟದ ತುಂಬ ಕೆಂಪು ಗೆರೆಗಳನ್ನೇ ಕಂಡು ಬೇಸತ್ತ ಮಗುವಿಗೆ ತನ್ನ ಕಥೆಯನ್ನೂ ಯಾರೋ ಓದಿದ್ದಾರೆಂದು ತಿಳಿಯುತ್ತದೆ.

ತಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆ ಕಥೆಗಳನ್ನು ಆಹ್ವಾನಿಸುವಾಗ ‘ಸ್ವಹಸ್ತಾಕ್ಷರದಲ್ಲಿರಬೇಕು’ ಎಂಬ ನಿಯಮವಿದ್ದರೆ ಅದನ್ನು ಸಡಿಲಿಸಿ, ಮಗು ಹೇಳಿ ಬೇರೊಬ್ಬರು ಬರೆದುಕೊಟ್ಟ ಕಥೆಗಳನ್ನೂ ಸ್ವೀಕರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ