ಭಾನುವಾರ ಕಾಂಡ್ಲಾ ಕಾಡಿಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಕೆಮ್ಮಣ್ಣು ಹೊಳೆಬದಿಗೆ ಹೋಗುವುದು ಇಳಿತದ ಹೊತ್ತಿಗೆ. ಕಾಂಡ್ಲಾ ಅಂದರೆ ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರಗಳು. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ಕೆಸರು ಇದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೂಗು ಮುಚ್ಚಬೇಡಿ, ನೋಡಬೇಕಾದ್ದು ಅದೇ ಕೆಸರನ್ನು. ಮೇಲ್ಪದರ ಬಿಟ್ಟರೆ ಅದರಲ್ಲಿ ಆಮ್ಲಜನಕ ಇಲ್ಲ ಅಂತಲೇ ಹೇಳಬಹುದು. ಹಾಗಾಗಿ ಉದುರಿದ ಎಲೆ, ಸತ್ತ ಬೇರು ಬೇಗ ಕೊಳೆಯುವುದಿಲ್ಲ. ಮರ ಗಾಳಿಯಿಂದ ಹೀರಿದ ಇಂಗಾಲ ನೂರಾರು ವರ್ಷ ಅಲ್ಲೇ ಹೂತಿರುತ್ತದೆ. ಏಡಿಗಳೂ ಎಲೆಗಳನ್ನು ಬಿಲಕ್ಕೆ ಎಳೆದೊಯ್ಯುತ್ತವೆ. ಸ್ವಲ್ಪ ಇಂಗಾಲ ಇಳಿತದ ನೀರಿನ ಜೊತೆ ಕಡಲಿಗೆ, ಸ್ವಲ್ಪ ಗಾಳಿಗೆ ವಾಪಸ್. ಹಿಂದೂ ಮಹಾಸಾಗರ, ಪೆಸಿಫಿಕ್ ಭಾಗದ 25 ಕಾಂಡ್ಲಾ ಕಾಡುಗಳ 2011ರ ಅಧ್ಯಯನದಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಸಿಕ್ಕಿತ್ತು. ಜಾಸ್ತಿ ಇದ್ದದ್ದು ಮಣ್ಣಿನಲ್ಲೇ! ಸಿಗಡಿ ಕೆರೆಗೆಂದು ಅಗೆದರೆ ಆ ಮಣ್ಣಿಗೆ ಗಾಳಿ ತಾಗಿ ಆ ಇಂಗಾಲದಲ್ಲಿ ಬಹಳಷ್ಟು ಹೊರಬೀಳಬಹುದು.

ಬರುವವರು ಶುಕ್ರವಾರದೊಳಗೆ ಹೆಸರು ಹಾಕಿ, ದೋಣಿಗೆ ಹೇಳಬೇಕು.