ಮಲ್ಲಿ ಲಾಯದಿಂದ ಹೊರಗೆ ಬಂದಳು

ಹೋದ ವಾರ ಡಾಕ್ಟರು ಬಂದು ನಮ್ಮ ಕುದುರೆ ಮಲ್ಲಿಯನ್ನು ನೋಡಿ, "ಇನ್ನು ಇವಳನ್ನು ಬೇರೆ ಕುದುರೆಗಳ ಜೊತೆ ಬಯಲಿಗೆ ಬಿಡಿ" ಎಂದರು. ಅಕ್ಟೋಬರಿನಲ್ಲಿ ಅವಳು ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಈ ಮಾತಿಗಾಗಿ ಕಾಯುತ್ತಿದ್ದೆವು. ಫೋನ್ ಮಾಡಿ ವಿಚಾರಿಸಿದವರೆಲ್ಲರೂ ಕೇಳುವುದು ಒಂದೇ: "ಆಪರೇಷನ್ ಎಲ್ಲಿ ಮಾಡಿಸಿದ್ರಿ?" ಆಪರೇಷನ್ ಆಗಿಲ್ಲ. ತಲೆಬುರುಡೆಯ ತಳದಲ್ಲಿ ಮುರಿದದ್ದನ್ನು ಯಾರೂ ತೆರೆದು ಜೋಡಿಸಿಲ್ಲ, ಅಲ್ಲಿಗೆ ಕೈ ಹಾಕುವಂತೆಯೂ ಇರಲಿಲ್ಲ. ಅವಳನ್ನು ಉಳಿಸಿದ್ದು ನೋಡಿಕೊಂಡವರು. ಅವರಿಗೆ ಹೆಸರು ಹಾಕುವುದು ಇಷ್ಟವಿಲ್ಲವಂತೆ. ಸರಿ, ಹೆಸರಿಲ್ಲದೆಯೇ ಥ್ಯಾಂಕ್ಸ್ ಹೇಳುತ್ತೇನೆ.

ಮೊದಲು ನಮ್ಮ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಅಣ್ಣನಿಗೆ. ಯಲಹಂಕದಾಚೆಯ ನಮ್ಮ ಸಣ್ಣ ಲಾಯದಲ್ಲಿ ಅಂದು ಗಾಳಿಗೆ ಒಂದು ತಗಡು ಹಾರಿ ಬಿತ್ತು. ಆ ಸದ್ದಿಗೆ ಮಲ್ಲಿ ಹಿಂಗಾಲ ಮೇಲೆ ಎದ್ದು ನಿಂತು, ಹಿಮ್ಮುಖವಾಗಿ ಉರುಳಿ, ಕಿವಿಗಳ ಹಿಂದಿನ ನೆತ್ತಿ ಕಾಂಕ್ರೀಟಿಗೆ ಬಡಿಯುವಂತೆ ಬಿದ್ದಳು. ಸುತ್ತ ಇದ್ದವರು "ಎಬ್ಬಿಸಿ, ಎಬ್ಬಿಸಿ" ಎಂದು ಕೂಗುತ್ತಿದ್ದರೂ ಅಣ್ಣ ಹಗ್ಗ ಎಳೆಯಲಿಲ್ಲ. ತಲೆಯ ಕೆಳಗೆ ಗೋಣಿಚೀಲ ಮಡಚಿಟ್ಟು, ಕತ್ತು ಒತ್ತದಂತೆ ಹಾಲ್ಟರ್ (ತಲೆಗೆ ಕಟ್ಟುವ ಪಟ್ಟಿ) ಸಡಿಲ ಮಾಡಿ, ಪಕ್ಕದಲ್ಲೇ ಕುಳಿತರು. ಅವಳು ತಾನಾಗಿ ಎದ್ದಳು. ಮೂಗಿನಿಂದ ರಕ್ತ ಸುರಿಯುತ್ತಿತ್ತು, ಎಡಗಿವಿಯಿಂದಲೂ ಒಂದು ಗೆರೆ ಇಳಿದಿತ್ತು.

ಕುದುರೆ ಹೀಗೆ ಹಿಂದಕ್ಕೆ ಬಿದ್ದಾಗ ಪೆಟ್ಟು ಬೀಳುವುದು ನೆತ್ತಿಗೆ, ಮುರಿಯುವುದು ಮಾತ್ರ ಬುರುಡೆಯ ತಳ. ನನಗೆ ಇದು ಗೊತ್ತಿರಲಿಲ್ಲ. ಕತ್ತಿನಿಂದ ಬರುವ ಗಟ್ಟಿ ಸ್ನಾಯುಗಳು ಬುರುಡೆಯ ತಳದಲ್ಲಿ ಎರಡು ಮೂಳೆಗಳು ಬೆಸೆದುಕೊಂಡಿರುವ ಜಾಗಕ್ಕೆ ಅಂಟಿಕೊಂಡಿರುತ್ತವೆ. ಬಿದ್ದ ರಭಸಕ್ಕೆ ಅವು ಆ ಬೆಸುಗೆಯನ್ನೇ ಕಿತ್ತುಬಿಡುತ್ತವೆ. ಎಳೆಯ ಕುದುರೆಗಳಲ್ಲಿ ಅದಿನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮಲ್ಲಿಗೆ ಮೂರು ವರ್ಷ.

ಇನ್ನು ಡಾಕ್ಟರು. ರಾತ್ರೋರಾತ್ರಿ ಬಂದ ಅವರು ಮೊದಲು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಬಲಗಣ್ಣಿನ ಪಾಪೆ ಕುಗ್ಗಿತು, ಎಡಗಣ್ಣಿನದು ಅಗಲವಾಗಿ ಹಾಗೇ ಉಳಿಯಿತು. ಎಡಗಿವಿ ಜೋತುಬಿದ್ದಿತ್ತು, ತುಟಿ ಬಲಕ್ಕೆ ಎಳೆದಿತ್ತು, ತಲೆ ಎಡಕ್ಕೆ ವಾಲಿತ್ತು. ಮುಖದ ನರ ಮತ್ತು ಸಮತೋಲದ ನರ ಕಿವಿಯ ಹತ್ತಿರದ ಮೂಳೆಯಲ್ಲಿ ಒಟ್ಟೊಟ್ಟಿಗೇ ಹಾದುಹೋಗುವುದರಿಂದ ಎರಡಕ್ಕೂ ಏಟಾಗಿದೆ ಎಂದರು. ಊತ ಇಳಿಸಲು ಔಷಧಿ ಕೊಟ್ಟರು, ಮಿದುಳಿನ ಒತ್ತಡ ತಗ್ಗಿಸಲು ಡ್ರಿಪ್ ಹಾಕಿದರು. ಜಾಸ್ತಿ ಮಂಪರು ಬರಿಸಿ ಮಲಗಿಸಿಬಿಡಿ ಎಂದು ನಾವು ಗೋಗರೆದೆವು. ಅವರು ಒಪ್ಪಲಿಲ್ಲ. ಮಂಪರಿನಲ್ಲಿ ಕುದುರೆ ತಲೆ ಕೆಳಗೆ ಇಳಿಬಿಡುತ್ತದೆ, ತಲೆ ಇಳಿದರೆ ಒಳಗಿನ ಒತ್ತಡ ಏರುತ್ತದೆ.

ಲಾರಿ ಹತ್ತಿಸಿ ದೂರದ ಆಸ್ಪತ್ರೆಗೆ ಸಾಗಿಸುವುದೂ ಬೇಡ ಎಂದರು. ನೆಟ್ಟಗೆ ನಿಲ್ಲಲಾರದ ಕುದುರೆ ಲಾರಿಯಲ್ಲಿ ಇನ್ನೊಮ್ಮೆ ಬಿದ್ದರೆ ಏನು ಗತಿ? ಬದಲಿಗೆ ತಮ್ಮ ಸ್ನೇಹಿತರಿಂದ ಹೊತ್ತೊಯ್ಯುವಂಥ ಎಕ್ಸ್‌ರೇ ಯಂತ್ರ ತರಿಸಿದರು. ಎಂಡೋಸ್ಕೋಪಿಯನ್ನೂ ಲಾಯದಲ್ಲೇ ಮಾಡಿದರು. ಕುದುರೆಗೆ ಗಂಟಲಿನ ಮೇಲ್ಭಾಗದಲ್ಲಿ ಎರಡು ಗಾಳಿಚೀಲಗಳಿರುತ್ತವೆ. ಮಲ್ಲಿಯ ಎಡಚೀಲದಲ್ಲಿ ರಕ್ತ ತುಂಬಿತ್ತು. ಮೂಗಿಗೆ ಬರುತ್ತಿದ್ದ ರಕ್ತ ಅಲ್ಲಿಯದೇ. ಯಂತ್ರ ಕೊಟ್ಟು, ಬಾಡಿಗೆ ಬೇಡವೆಂದ ಆ ಸ್ನೇಹಿತರಿಗೂ ನಮಸ್ಕಾರ.

ಆ ರಾತ್ರಿ "ಸುಮ್ನೆ ಯಾಕೆ ನರಳಿಸ್ತೀರಿ, ಇಂಜೆಕ್ಷನ್ ಕೊಡಿಸಿಬಿಡಿ" ಎಂದವರೂ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕುದುರೆ ನರಳುವುದನ್ನು ನೋಡಲಾಗದೆ ಹೇಳಿದ ಮಾತದು. ಡಾಕ್ಟರು ಮಾತ್ರ ಲೆಕ್ಕ ಹೇಳಿದರು. ಅಮೆರಿಕದಲ್ಲಿ 1994ರಿಂದ 2004ರವರೆಗೆ ಮಿದುಳಿಗೆ ಪೆಟ್ಟಾಗಿ ಬಂದ 34 ಕುದುರೆಗಳನ್ನು ಪರಿಶೀಲಿಸಿದಾಗ ಸುಮಾರು 62% ಬದುಕಿ ಮನೆಗೆ ಹೋಗಿದ್ದವು. ಬುರುಡೆಯ ತಳವೇ ಮುರಿದಿದ್ದರೆ ಸಾಯುವ ಸಂಭವ ಬಹಳ ಹೆಚ್ಚು. ಎದ್ದು ನಿಲ್ಲದೆ ಗಂಟೆಗಟ್ಟಲೆ ಮಲಗಿಯೇ ಇದ್ದರೆ ಇನ್ನೂ ಕೆಟ್ಟದ್ದು. "ಇವಳು ನಿಂತಿದ್ದಾಳೆ, ನುಂಗುತ್ತಿದ್ದಾಳೆ. ಬೆಳಗಾಗಲಿ, ಆಮೇಲೆ ಮಾತಾಡೋಣ" ಎಂದರು. ಆಸೆ ಹುಟ್ಟಿಸಲೂ ಇಲ್ಲ, ಕೈಬಿಡಲೂ ಇಲ್ಲ. ಅವರಿಗೆ ನಾನು ಋಣಿಯಾಗಿರುವುದು ಔಷಧಿಗಿಂತ ಹೆಚ್ಚಾಗಿ ಈ ಒಂದು ಮಾತಿಗೆ.

ಆಮೇಲಿನದೆಲ್ಲ ಆರೈಕೆ. ಸಾಮಿಲ್ಲಿನ ಯಜಮಾನರು ಮರದ ಹೊಟ್ಟು ಮೂಟೆಗಟ್ಟಲೆ ಕಳಿಸಿದರು. ಮೊಣಕಾಲುದ್ದ ಹಾಸಿದೆವು, ಬಿದ್ದರೂ ಪೆಟ್ಟಾಗದಂತೆ. ಎಡರೆಪ್ಪೆ ಮುಚ್ಚುತ್ತಿರಲಿಲ್ಲ. ರೆಪ್ಪೆ ಬಡಿಯದ ಕಣ್ಣು ಒಣಗಿ ಹುಣ್ಣಾಗುತ್ತದೆ. ಆದ್ದರಿಂದ ಹಗಲೂ ರಾತ್ರಿ ಕೆಲವು ಗಂಟೆಗೊಮ್ಮೆ ಮುಲಾಮು ಹಚ್ಚಬೇಕಿತ್ತು. ನಮ್ಮಲ್ಲಿ ಸವಾರಿ ಕಲಿಯಲು ಬರುವ ಕಾಲೇಜು ಮಕ್ಕಳು ಪಾಳಿ ಹಾಕಿಕೊಂಡರು. ಪರೀಕ್ಷೆ ಇದ್ದವರು ಲಾಯದಲ್ಲೇ ಓದಿದರು. ಪಾಸಾದರೋ ಇಲ್ಲವೋ, ನಾನು ಕೇಳಿಲ್ಲ! ಮೇವನ್ನು ನೆಲಕ್ಕೆ ಹಾಕದೆ ಎದೆಮಟ್ಟದಲ್ಲಿ ಇಡುತ್ತಿದ್ದೆವು. ನೆನೆಸಿದ ಬೂಸ, ಬೇಯಿಸಿದ ಹುರುಳಿ, ದಿನಾ ಬೆಳಿಗ್ಗೆ ಪಕ್ಕದ ತೋಟದವರು ಕೊಯ್ದು ತರುತ್ತಿದ್ದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಎಡದವಡೆಯಲ್ಲಿ ತುತ್ತು ಸಿಕ್ಕಿಕೊಳ್ಳುತ್ತಿತ್ತು. ತಿಂದ ಮೇಲೆ ಬಾಯಿ ತೊಳೆಯುವ ಕೆಲಸ ನನ್ನ ಅತ್ತೆಯದು. ಕುದುರೆ ಎಂದರೆ ಮಾರು ದೂರ ನಿಲ್ಲುತ್ತಿದ್ದವರು ಅವರು.

ಲಾಯದಲ್ಲಿ ರಾತ್ರಿಯಿಡೀ ಜೀರೋ ಬಲ್ಬ್ ಉರಿಯುತ್ತಿತ್ತು. ಸಮತೋಲ ಕೆಟ್ಟ ಕುದುರೆ ಕಣ್ಣಿನ ಆಸರೆಯಲ್ಲೇ ನಿಲ್ಲುತ್ತದೆ, ಪೂರ್ತಿ ಕತ್ತಲಾದರೆ ತೂರಾಡುತ್ತದೆ. ಒಂದು ರಾತ್ರಿ ಕರೆಂಟ್ ಹೋದಾಗ ಅದನ್ನು ಕಣ್ಣಾರೆ ಕಂಡೆವು. ಮರುದಿನವೇ ಎದುರುಮನೆಯವರು ತಮ್ಮ ಯುಪಿಎಸ್‌ನಿಂದ ವೈರ್ ಎಳೆದುಕೊಟ್ಟರು.

ಈಗ ಊರಿನ ಹುಡುಗರ ವಿಷಯ. ಅಕ್ಟೋಬರ್ ಕಳೆದರೆ ರಾಜ್ಯೋತ್ಸವ, ಆರ್ಕೆಸ್ಟ್ರಾ, ಆಳೆತ್ತರದ ಸ್ಪೀಕರುಗಳು. ಜೊತೆಗೆ ದೀಪಾವಳಿ ಬೇರೆ. ಕೇಳಲು ಹೋಗುವಾಗ ನನಗೆ ಭಯವಿತ್ತು, ಏಕೆಂದರೆ ಸದ್ದು ಕಡಿಮೆ ಮಾಡಿ ಎಂದರೆ ಯಾರಿಗೆ ಇಷ್ಟವಾಗುತ್ತದೆ ಹೇಳಿ? ಸಂಘದ ಹುಡುಗರು ವೇದಿಕೆಯನ್ನೇ ಊರಿನ ಆಚೆ ಕಡೆಗೆ ಸಾಗಿಸಿದರು. ನಮ್ಮ ಬೀದಿಯ ಮಕ್ಕಳು ಸುರುಸುರುಬತ್ತಿಯಲ್ಲೇ ಹಬ್ಬ ಮುಗಿಸಿದರು. ಆ ಮಕ್ಕಳಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ಮುಂದಿನ ದೀಪಾವಳಿಯ ಪಟಾಕಿ ಖರ್ಚು ನನ್ನದು, ದೂರದ ಮೈದಾನದಲ್ಲಿ.

ಮೈಸೂರಿನ ಒಬ್ಬ ಟಾಂಗಾ ಯಜಮಾನರು ಫೋನ್ ಮಾಡಿ, ಹಣೆ ಒಡೆದ ತಮ್ಮ ಕುದುರೆ ಬೇಗ ಗುಣವಾದ ಕಥೆ ಹೇಳಿ ಧೈರ್ಯ ತುಂಬಿದರು. ಅವರಿಗೂ ಧನ್ಯವಾದ. ಆದರೆ ಇದನ್ನು ಓದುವ ಕುದುರೆ ಸಾಕುವವರಿಗೆ ಒಂದು ಮಾತು: ಎರಡೂ ಒಂದೇ ಅಲ್ಲ. ಮುಂದಿನಿಂದ ಪೆಟ್ಟು ಬಿದ್ದಾಗ ಹಣೆ, ಮೂಗಿನ ಮೂಳೆ ಒಳಗೆ ಕುಸಿಯುತ್ತದೆ. ಚರ್ಮದಡಿ ಗಾಳಿ ಸೇರಿ, ಮುಟ್ಟಿದರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ. ನೋಡಲು ಘೋರ, ಆದರೆ ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ. ನೆತ್ತಿಗೆ ಬಿದ್ದ ಪೆಟ್ಟು ಹೊರಗೆ ಗಾಯವೇ ಕಾಣದಂತಿದ್ದರೂ ಹೆಚ್ಚು ಅಪಾಯ. ಗಾಯವಿಲ್ಲ ಅಂತ ಬೆಳಗಿನವರೆಗೆ ಕಾಯಬೇಡಿ.

ಮಲ್ಲಿ ಈಗ ಹೇಗಿದ್ದಾಳೆ? ಸಂಕ್ರಾಂತಿ ಹೊತ್ತಿಗೆ ಕಿವಿ ಎದ್ದು ನಿಂತಿತು, ರೆಪ್ಪೆ ಮುಚ್ಚತೊಡಗಿತು. ತಲೆ ಇನ್ನೂ ಸ್ವಲ್ಪ ಎಡಕ್ಕೇ ವಾಲುತ್ತದೆ. ಎಡಗಣ್ಣು ಹೋಯಿತು. ಬಿದ್ದ ಹೊಡೆತಕ್ಕೆ ಮಿದುಳು ಹಿಂದಕ್ಕೆ ಜರುಗಿದಾಗ ಕಣ್ಣಿನ ನರ ಜಗ್ಗಿ ಹಾಳಾಗುತ್ತದೆ, ಅದು ಮತ್ತೆ ಬರುವುದಿಲ್ಲ. ಸವಾರಿಗೆ ಅವಳನ್ನು ಬಳಸುವುದಿಲ್ಲ. ಬಳಸಬಹುದೇನೋ, ನನಗೆ ಮನಸ್ಸಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಬನ್ನಿ, ಉಪ್ಪಿಟ್ಟು ಕೇಸರಿಬಾತ್ ಇರುತ್ತದೆ. ಪಾಳಿಯ ದಿನಗಳಲ್ಲಿ ಊಟ ತಂದವರ ಟಿಫನ್ ಕ್ಯಾರಿಯರುಗಳು ನಮ್ಮಲ್ಲೇ ಉಳಿದಿವೆ, ಗುರುತು ಹಿಡಿದು ಒಯ್ಯಿರಿ. ಮಲ್ಲಿಯ ಹತ್ತಿರ ಹೋಗುವವರು ಮಾತಾಡಿಸುತ್ತಾ, ಬಲಗಡೆಯಿಂದ ಹೋಗಿ.